ಕಿರುಮಾದರಿಗೆ ಅಕ್ರಿಲಿಕ್ ಬಣ್ಣ: ಆಯ್ಕೆ, ಬಳಕೆ ಮತ್ತು ತಾಳ್ಮೆ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕರಾವಳಿಯ ಮಳೆ ಎಷ್ಟು ಬಾರಿ ಕಂಡರೂ ಹೊಸದೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಉಡುಪಿಯ ಸೀಮೆಯಲ್ಲಿ ಆಷಾಢದ ದಿನಗಳೆಂದರೆ ಹೊದೆಯುವ ಕಂಬಳಿಯೂ ತೇವ, ಮುಚ್ಚಿದ ಡಬ್ಬಿಯ ಹಪ್ಪಳವೂ ಮೆತ್ತಗೆ. ಅಂಥದೊಂದು ಆಷಾಢದಲ್ಲಿ ಮಣಿಪಾಲದಲ್ಲಿ ನೆಲೆಸಿರುವ ನಮ್ಮ ತಂಗಿಯ ಮಗಳ ಮನೆಯಲ್ಲಿ ಕೆಲವು ವಾರ ಇದ್ದೆವು. ಜಿಲ್ಲಾಡಳಿತ ಶಾಲೆಗಳಿಗೆ ಮಳೆಯ ರಜೆ ಸಾರಿದ್ದಿತು. ಆರನೆಯ ತರಗತಿಯ ಮೊಮ್ಮಗ ಮನೆಯ ಪಡಸಾಲೆಯಲ್ಲಿ ಕುಳಿತು ಕಾಪುವಿನ ದೀಪಸ್ತಂಭದ ಮಾದರಿಯನ್ನು ಮಾಡುತ್ತಿದ್ದನು. ನಳದ ಕೆಲಸದಲ್ಲಿ ಉಳಿದಿದ್ದ ಪಿ.ವಿ.ಸಿ. ಪೈಪಿನ ತುಂಡೇ ಗೋಪುರ. ಟೇಬಲ್ ಟೆನ್ನಿಸ್ ಚೆಂಡಿನ ಅರ್ಧಭಾಗವೇ ಮೇಲಿನ ಗುಮ್ಮಟ. ಶನಿವಾರ ಶಾಲೆಯಲ್ಲಿ ಪ್ರದರ್ಶನವಿತ್ತು.

ಬುಧವಾರ ಅವನು ಪೈಪಿಗೆ ಬಿಳಿಯ ಅಕ್ರಿಲಿಕ್ ಬಣ್ಣವನ್ನು ದಪ್ಪವಾಗಿ ಬಳಿದನು. ಗುರುವಾರ ಬೆಳಿಗ್ಗೆ ನಾವು ಬೆರಳಿನಿಂದ ಮುಟ್ಟಿ ನೋಡಿ, "ಒಣಗಿದೆ, ಇನ್ನು ಪಟ್ಟಿ ಅಂಟಿಸಿ ಕಪ್ಪು ಬಣ್ಣ ಹಚ್ಚು" ಎಂದು ಹೇಳಿದೆವು. ಸಂಜೆ ಅವನು ಅಂಟುಪಟ್ಟಿಯನ್ನು ಎಳೆದಾಗ ಹಾವಿನ ಪೊರೆ ಕಳಚಿದಂತೆ ಬಿಳಿಯ ಬಣ್ಣವೂ ಅದರೊಡನೆ ಕಿತ್ತು ಬಂದು, ಗೋಪುರದ ಒಂದು ಮಗ್ಗುಲು ಬೋಳಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ನಮ್ಮ ನಾಲಿಗೆಯೇ ಆಗಿತ್ತು. ಹುಡುಗ ಅಳಲಿಲ್ಲ. ಮಾದರಿಯನ್ನು ತಿರುಗಿಸಿ ನೋಡಿ, "ಅಜ್ಜಾ, ಈ ಕಡೆ ಗ್ವಾಡಿಗೆ ಮಾಡಿ ಇಟ್ರ ಯಾರಿಗೂ ಕಾಣಂಗಿಲ್ಲ" ಎಂದನು. ಒಂದು ಕ್ಷಣ ನಾವೂ ಒಪ್ಪಲು ಸಿದ್ಧರಾದೆವು. ಆ ಕ್ಷಣವೇ ನಮ್ಮನ್ನು ಈ ಲೇಖನ ಬರೆಯಲು ಹಚ್ಚಿತು.

ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ವಿಮಾನ, ಹಡಗು, ಗುಡಿ, ಗೋಪುರಗಳ ಕಿರುಮಾದರಿಗಳನ್ನು ಜೋಡಿಸುತ್ತಾರೆ. ತಂದೆತಾಯಿಗಳು ಹಣ ಕೊಟ್ಟು ಪೆಟ್ಟಿಗೆ ತರುತ್ತಾರೆ. ಬಣ್ಣದ ವಿಷಯದಲ್ಲಿ ಮಾತ್ರ ಅಂಗಡಿಯವರು ಕೊಟ್ಟುದೇ ಪ್ರಸಾದ. ಜೋಡಣೆಯಲ್ಲಿ ಗೆದ್ದ ಮಗು ಬಣ್ಣದಲ್ಲಿ ಸೋತು ಹವ್ಯಾಸವನ್ನೇ ಕೈಬಿಡುತ್ತದೆ. ಆ ಮಳೆಗಾಲದಲ್ಲಿ ತಪ್ಪಿ, ಕೇಳಿ, ತಿದ್ದಿಕೊಂಡು ನಾವು ಕಲಿತುದನ್ನು ಶರಣಬಂಧುಗಳ ಮುಂದೆ ಇಡುತ್ತಿದ್ದೇವೆ.

ಅಕ್ರಿಲಿಕ್ ಎಂದರೇನು?

ಯಾವ ಬಣ್ಣದಲ್ಲಿಯೂ ಮೂರು ಅಂಗಗಳಿರುತ್ತವೆ. ಬಣ್ಣ ಕೊಡುವ ಪುಡಿ ಒಂದು. ಆ ಪುಡಿಯನ್ನು ಹಿಡಿದು ನಿಲ್ಲಿಸುವ ಅಂಟು ಇನ್ನೊಂದು. ಇವೆರಡನ್ನೂ ಹೊತ್ತು ತಂದು, ಕೆಲಸ ಮುಗಿದ ಮೇಲೆ ಆರಿಹೋಗುವ ದ್ರವ ಮೂರನೆಯದು. ಎಣ್ಣೆಬಣ್ಣದಲ್ಲಿ ಎಣ್ಣೆಯೇ ಅಂಟು. ಅದನ್ನು ತೆಳುವಾಗಿಸಲು ಟರ್ಪೆಂಟೈನ್ ಬೇಕು. ಶಾಲೆಯ ಪೋಸ್ಟರ್ ಬಣ್ಣದಲ್ಲಿ ನೀರಿನಲ್ಲಿ ಕರಗುವ ಅಂಟಿರುತ್ತದೆ. ಆದ್ದರಿಂದ ಒಣಗಿದ ಮೇಲೂ ಒದ್ದೆ ಕೈ ತಗುಲಿದರೆ ಬಣ್ಣ ಏಳುತ್ತದೆ. ಅಕ್ರಿಲಿಕ್ ಬಣ್ಣದಲ್ಲಿ ಅಂಟಿನ ಸ್ಥಾನದಲ್ಲಿರುವುದು ಒಂದು ಬಗೆಯ ಪ್ಲಾಸ್ಟಿಕ್. ಅದರ ಅತಿಸೂಕ್ಷ್ಮ ಕಣಗಳು ಹಾಲಿನಲ್ಲಿ ಕೊಬ್ಬಿನ ಕಣಗಳು ತೇಲುವಂತೆ ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಒತ್ತಿ ಬೆಸೆದುಕೊಂಡು ಪೊರೆಯಾಗುತ್ತವೆ. ಹಾಗೆ ಬೆಸೆದ ಪೊರೆ ಮತ್ತೆ ನೀರಿನಲ್ಲಿ ಕರಗುವುದಿಲ್ಲ. ನೀರಿನೊಡನೆ ಬೆರೆಯುವ ಈ ಬಗೆಯ ಬಣ್ಣವು ಕಲಾವಿದರ ಕೈಗೆ ಬಂದುದು 1950ರ ದಶಕದಲ್ಲಿ.

ಇಲ್ಲಿ ನಮ್ಮ ನಿತ್ಯಾನುಭವದ ಒಂದು ಸಂಗತಿಯನ್ನು ನೆನೆಯಬಹುದು. ವಿಭೂತಿಯನ್ನು ನೀರಿನಲ್ಲಿ ಕಲಸಿ ಹಣೆಗೆ ಧರಿಸಿದಾಗ ಮೊದಲು ಅದು ಮಸುಕಾಗಿರುತ್ತದೆ. ಆರಿದ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ. ಅಕ್ರಿಲಿಕ್ಕಿನ ನಡೆ ಇದಕ್ಕೆ ವಿರುದ್ಧವಾದುದು. ಹಸಿಯಿದ್ದಾಗ ಅದರ ಅಂಟು ಹಾಲಿನಂತೆ ಬೆಳ್ಳಗಿದ್ದು ಬಣ್ಣವನ್ನು ತಿಳಿಯಾಗಿ ತೋರಿಸುತ್ತದೆ. ಒಣಗಿ ಪಾರದರ್ಶಕವಾದಾಗ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಆದಕಾರಣ ತಟ್ಟೆಯಲ್ಲಿ ಕಂಡ ಬಣ್ಣವನ್ನು ನಂಬಬಾರದು. ಒಂದು ರಟ್ಟಿನ ಚೂರಿಗೆ ಹಚ್ಚಿ, ಆರಿಸಿ, ಅನಂತರ ನಿರ್ಧರಿಸಬೇಕು. ತ್ರಿಪುಂಡ್ರ ಧರಿಸಿದವರಿಗೆ ಇನ್ನೊಂದೂ ಗೊತ್ತು: ವಿಭೂತಿ ನೀರಾದರೆ ಹರಿಯುತ್ತದೆ, ಗಟ್ಟಿಯಾದರೆ ಉದುರುತ್ತದೆ. ಹದವೆಂಬುದೇ ಎಲ್ಲ.

ಒಣಗುವುದೆಂದರೆ ನೀರು ಗಾಳಿಗೆ ಹೋಗುವುದು. ಗಾಳಿಯಲ್ಲಿಯೇ ನೀರು ತುಂಬಿದ್ದರೆ ಬಣ್ಣದ ನೀರಿಗೆ ಎಡೆಯೆಲ್ಲಿ? ದಪ್ಪ ಲೇಪದ ಮೇಲ್ಮೈ ಕೆನೆಗಟ್ಟಿ ಮುಟ್ಟಿದರೆ ಒಣಗಿದಂತೆ ತೋರುತ್ತದೆ. ಒಳಗೆ ಹಸಿ ಹಾಗೆಯೇ ಉಳಿಯುತ್ತದೆ. ನಮ್ಮ ಬೆರಳು ಮುಟ್ಟಿದ್ದು ಆ ಕೆನೆಯನ್ನು ಮಾತ್ರ.

ಯಾವುದರ ಮೇಲೆ ಯಾವ ಬಣ್ಣ?

ಬಣ್ಣ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವ ಕಂಪನಿಯದು?" ಎಂಬುದಲ್ಲ, "ಇದು ಯಾವುದರ ಮೇಲೆ ನಿಲ್ಲಬೇಕು?" ಎಂಬುದು.

ರಟ್ಟು, ಮರ, ಜೇಡಿಮಣ್ಣು, ಪ್ಲಾಸ್ಟರ್ ಆಫ್ ಪ್ಯಾರಿಸ್ ಇವು ನೀರು ಹೀರುವ ವಸ್ತುಗಳು. ಇವುಗಳಿಗೆ ನಮ್ಮ ಊರುಗಳ ಪುಸ್ತಕದಂಗಡಿಗಳಲ್ಲಿ ದೊರೆಯುವ ಕ್ಯಾಮೆಲ್, ಫೆವಿಕ್ರಿಲ್ ಮೊದಲಾದ ಅಕ್ರಿಲಿಕ್ ಬಣ್ಣಗಳೇ ಸಾಕು. ಕೊಳ್ಳುವಾಗ ಒಂದು ಎಚ್ಚರ ಬೇಕು. ಬಟ್ಟೆಗೆ ಹಚ್ಚುವ ಬಣ್ಣವೂ ಅದೇ ಕಪಾಟಿನಲ್ಲಿ ಅದೇ ಗಾತ್ರದ ಸೀಸೆಗಳಲ್ಲಿ ಇರುತ್ತದೆ. ಬಟ್ಟೆಯೊಡನೆ ಮಡಚಿಕೊಳ್ಳಬೇಕಾದ್ದರಿಂದ ಅದನ್ನು ಮೆತುವಾಗಿರುವಂತೆ ಮಾಡಿರುತ್ತಾರೆ. ಗಟ್ಟಿ ಮಾದರಿಯ ಮೇಲೆ ಅದು ಅಂಟಂಟಾಗಿ ಧೂಳು ಹಿಡಿಯುತ್ತದೆ. ಚೀಟಿಯನ್ನು ಓದಿಯೇ ಕೊಳ್ಳಬೇಕು.

ಪ್ಲಾಸ್ಟಿಕ್ ಬೇರೆ ಜಾತಿಯದು. 1939ರಲ್ಲಿ ಆರಂಭವಾದ ಇಂಗ್ಲೆಂಡಿನ ಏರ್‌ಫಿಕ್ಸ್, ಜಪಾನಿನ ತಾಮಿಯಾ ಮೊದಲಾದ ಸಂಸ್ಥೆಗಳ ಪೆಟ್ಟಿಗೆಗಳಲ್ಲಿ ಬರುವ ಬಿಡಿಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ನಮ್ಮ ಹುಡುಗನ ಮೇಜಿನ ಮೇಲೆಯೂ ಅಂಥದೊಂದು ನ್ಯಾಟ್ ವಿಮಾನ ಅರ್ಧ ಜೋಡಿಸಿ ಬಿಟ್ಟಿದ್ದಿತು. 1965ರ ಯುದ್ಧದಲ್ಲಿ ಹೆಸರಾದ, ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿಯೂ ತಯಾರಾದ ವಿಮಾನವದು. ಪ್ಲಾಸ್ಟಿಕ್ ನೀರನ್ನು ಹೀರುವುದಿಲ್ಲ. ನೀರಾದ ಬಣ್ಣ ಅದರ ಮೇಲೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಾಗಿ ಸರಿಯುತ್ತದೆ. ಇದಕ್ಕೆ ಮಾದರಿಗಳಿಗೆಂದೇ ತಯಾರಿಸಿದ, ಪುಡಿ ಬಹಳ ನುಣ್ಣಗಿರುವ ಬಣ್ಣಗಳು ಉತ್ತಮ. ಸ್ಪೇನ್ ದೇಶದ ವಯೇಹೊ ಬಣ್ಣವು ನೀರಿನೊಡನೆ ಹೊಂದಿ ಕುಂಚಕ್ಕೆ ಒಗ್ಗುತ್ತದೆ. ತಾಮಿಯಾದ ಅಕ್ರಿಲಿಕ್ಕಿನಲ್ಲಿ ಮದ್ಯಸಾರದ ಜಾತಿಯ ದ್ರಾವಕವಿರುತ್ತದೆ. ಗಾಳಿಯ ಒತ್ತಡದಿಂದ ಸಿಂಪಡಿಸಲು ಅದು ಚೆನ್ನ. ಕುಂಚದಿಂದ ಒಮ್ಮೆ ಹೋದ ಕಡೆ ಮತ್ತೆ ಹೋದರೆ ಕೆಳಗಿನ ಲೇಪವೇ ಎದ್ದುಬರುತ್ತದೆ. ಒಂದು ಕಂಪನಿಯ ಬಣ್ಣಕ್ಕೆ ಇನ್ನೊಂದರ ದ್ರಾವಕವನ್ನು ಬೆರೆಸಬಾರದು. ಹಾಲಿಗೆ ಹುಳಿ ಹಿಂಡಿದಂತೆ ಒಡೆಯುವುದುಂಟು. ಚಿಕ್ಕ ಮಕ್ಕಳ ಕೈಗೆ ನೀರಿನಿಂದ ತೆಳುವಾಗುವ ಬಣ್ಣವೇ ಮೇಲು.

ಹತ್ತಾರು ಸೀಸೆಗಳನ್ನು ಕೊಳ್ಳುವ ಅಗತ್ಯವಿಲ್ಲ. ಬಿಳಿ, ಕಪ್ಪು, ಕೆಂಪು, ನೀಲಿ, ಕಾವಿ ಬೆರೆತ ಹಳದಿ, ಗಾಢ ಕಂದು ಈ ಆರಿದ್ದರೆ ಉಳಿದವನ್ನು ಬೆರೆಸಿಕೊಳ್ಳಬಹುದು. ಇವುಗಳೊಡನೆ ಒಂದು ಸೀಸೆ ಪ್ರೈಮರ್ ಎಂಬ ನೆಲೆಲೇಪ, ಒಂದು ಸೀಸೆ ಹೊಳಪಿಲ್ಲದ ವಾರ್ನಿಷ್, ನೈಲಾನ್ ಕೂದಲಿನ ಮೂರು ಕುಂಚಗಳು: 0 ಮತ್ತು 2ನೆಯ ಸಂಖ್ಯೆಯ ಗುಂಡು ಕುಂಚ, ಅರ್ಧ ಅಂಗುಲದ ಚಪ್ಪಟೆ ಕುಂಚ. ಬೆರೆಸಲು ಹಳೆಯ ಪಿಂಗಾಣಿ ತಟ್ಟೆ ಸಾಕು. ಕಡಲಿಗೆ ಹತ್ತಿರದ ಕೆಲವು ಬಾವಿಗಳ ನೀರಿನಲ್ಲಿ ಉಪ್ಪಿನಂಶವಿರುತ್ತದೆ. ಅದು ಒಣಗಿದ ಬಣ್ಣದ ಮೇಲೆ ಬಿಳಿಯ ಕಲೆಯಾಗಿ ಉಳಿಯಬಹುದು. ಇನ್‌ವರ್ಟರ್ ಬ್ಯಾಟರಿಗೆಂದು ಅಂಗಡಿಯಲ್ಲಿ ದೊರೆಯುವ ಡಿಸ್ಟಿಲ್ಡ್ ವಾಟರಿನ ಹೊಸ, ಮುಚ್ಚಳ ತೆರೆಯದ ಡಬ್ಬಿಯನ್ನು ತಂದಿಟ್ಟುಕೊಂಡರೆ ಮಾದರಿಯ ಕೆಲಸಕ್ಕೆ ಬಹುಕಾಲ ಬರುತ್ತದೆ.

ಕಾಪುವಿನ ದೀಪಸ್ತಂಭ: ಬಿಳಿ ಮೊದಲು, ಕಪ್ಪು ಆಮೇಲೆ

ಕಾಪುವಿನ ಕಡಲತೀರದ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ 1901ರದು. ಎತ್ತರ ಸುಮಾರು 27 ಮೀಟರ್. ನೂರಕ್ಕೆ ಒಂದರ ಪ್ರಮಾಣದಲ್ಲಿ ಅದು 27 ಸೆಂಟಿಮೀಟರ್ ಆಗುತ್ತದೆ. ಬಿಳಿ ಮತ್ತು ಕಪ್ಪು ಪಟ್ಟೆಗಳೇ ಅದರ ಗುರುತು. ಹಗಲಿನಲ್ಲಿ ದೀಪ ಕಾಣದ ವೇಳೆಯಲ್ಲಿ ನಾವಿಕರು ಗೋಪುರವನ್ನು ಗುರುತಿಸಲೆಂದು ದೀಪಸ್ತಂಭಗಳಿಗೆ ಇಂಥ ಬಣ್ಣಗಳನ್ನು ಹಚ್ಚುತ್ತಾರೆ. ಬಣ್ಣವು ಇಲ್ಲಿ ಅಲಂಕಾರವಲ್ಲ, ಮಾತು. ಆದುದರಿಂದ ಪಟ್ಟೆಯ ಅಂಚು ನೇರವಾಗಿರಲೇಬೇಕು.

ನಾವು ಎರಡನೆಯ ಬಾರಿ ಮಾಡಿದ ಕ್ರಮ ಹೀಗೆ. ಉಳಿದ ಬಣ್ಣವನ್ನೆಲ್ಲ ಕೆರೆದು ತೆಗೆದು, ಪಾತ್ರೆ ತೊಳೆಯುವ ಸಾಬೂನಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ಪೈಪನ್ನು ತೊಳೆದೆವು. ಕೈಯ ಜಿಡ್ಡು, ತಯಾರಿಸುವಾಗ ಅಚ್ಚಿಗೆ ಸವರಿದ ಜಿಡ್ಡು ಇವೆರಡೂ ಬಣ್ಣದ ಶತ್ರುಗಳು. ಪೆಟ್ಟಿಗೆಯಲ್ಲಿ ಬಂದ ವಿಮಾನದ ಭಾಗಗಳಿಗೂ ಈ ಸ್ನಾನ ಅವಶ್ಯ. ಅನಂತರ 400ನೆಯ ಸಂಖ್ಯೆಯ ನಯವಾದ ಎಮರಿ ಕಾಗದದಿಂದ ಪೈಪಿನ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಒರೆಸಿ, ನೆಲೆಲೇಪವನ್ನು ಹಚ್ಚಿ ಒಂದು ದಿನ ಬಿಟ್ಟೆವು.

ಬಿಳಿಯ ಬಣ್ಣವನ್ನು ಹಾಲಿನ ಹದಕ್ಕೆ ತಂದು ತೆಳುವಾಗಿ ಹಚ್ಚಿಸಿದೆವು. ಮೊದಲ ಲೇಪದಲ್ಲಿ ಪೈಪು ಇಣುಕುತ್ತಲೇ ಇತ್ತು. ಹುಡುಗ ನಿರಾಶನಾದನು, ಮತ್ತೆ ಮತ್ತೆ ಕುಂಚ ಹೋಗುತ್ತಿತ್ತು. ಅಲ್ಲಿಯೇ ಎಲ್ಲರೂ ಎಡವುವುದು. ಮೊದಲ ಲೇಪ ಮುಚ್ಚುವುದಕ್ಕಲ್ಲ, ಹಿಡಿಯುವುದಕ್ಕೆ. ಎರಡನೆಯದು ಮಸುಕು ನೀಗುತ್ತದೆ, ಮೂರು ನಾಲ್ಕನೆಯವು ಮುಚ್ಚುತ್ತವೆ. ಒಂದು ಲೇಪ ಉದ್ದಕ್ಕೆ ಹಚ್ಚಿದರೆ ಮುಂದಿನದನ್ನು ಅಡ್ಡಕ್ಕೆ ಹಚ್ಚಬೇಕು. ಬೇಸಗೆಯಲ್ಲಿ ಲೇಪಗಳ ನಡುವೆ ಅರ್ಧ ಗಂಟೆ ಸಾಕಾದೀತು. ಕರಾವಳಿಯ ಮಳೆಗಾಲದಲ್ಲಿ ನಾಲ್ಕೈದು ಗಂಟೆ ಕೊಡುವುದು ಲೇಸು. ಅಂಟುಪಟ್ಟಿ ಹಚ್ಚುವ ಮೊದಲು ಎರಡು ಮೂರು ದಿನ ಬಿಡಬೇಕು.

ಹಾಗೆ ಬಿಡುವುದೆಲ್ಲಿ? ಬಿಸಿಲಿಲ್ಲ. ಒಲೆಯ ಬಳಿ ಇಡುವುದು, ಕೂದಲೊಣಗಿಸುವ ಯಂತ್ರ ಹಿಡಿಯುವುದು ಬೇಡ. ತೆಳು ಪ್ಲಾಸ್ಟಿಕ್ ಬಾಗುತ್ತದೆ. ಮುಚ್ಚಳವಿರುವ ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಮಾದರಿ ಗೋಡೆಗೆ ತಾಗದಂತೆ ಅದರೊಳಗೆ ನಿಲ್ಲಿಸಿದರೆ ತೇವ ಕಡಿಮೆಯಾಗುತ್ತದೆ, ಧೂಳೂ ಕೂರುವುದಿಲ್ಲ. ಹೊಸ ಚಪ್ಪಲಿ, ಚೀಲಗಳೊಡನೆ ಬರುವ ಆ ಪೊಟ್ಟಣಗಳನ್ನು ಎಸೆಯದೆ ಕೂಡಿಡುವುದು ಒಳ್ಳೆಯದು. ಆದರೆ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಇನ್ನು ಪಟ್ಟೆ. ತಿಳಿ ಬಣ್ಣ ಕೆಳಗೆ, ಗಾಢ ಬಣ್ಣ ಮೇಲೆ ಎಂಬುದು ಸಾಮಾನ್ಯ ನಿಯಮ. ಕಪ್ಪಿನ ಮೇಲೆ ಬಿಳಿ ಮುಚ್ಚಬೇಕಾದರೆ ಲೇಪಗಳು ದುಪ್ಪಟ್ಟಾಗುತ್ತವೆ. ಮಾಸ್ಕಿಂಗ್ ಟೇಪ್ ಎಂಬ ಕಾಗದದ ಪಟ್ಟಿಯನ್ನು ಮೊದಲು ಅಂಗೈಗೆ ಒಮ್ಮೆ ಒತ್ತಿ ಅದರ ಬಿಗಿಯನ್ನು ತುಸು ಕಳೆದು, ಆಮೇಲೆ ಗೋಪುರಕ್ಕೆ ಸುತ್ತಬೇಕು. ಕಪ್ಪು ಹಚ್ಚುವ ಮೊದಲು ಪಟ್ಟಿಯ ಅಂಚಿನ ಮೇಲೆ ಮತ್ತೊಮ್ಮೆ ಬಿಳಿಯನ್ನೇ ತೆಳುವಾಗಿ ಹಚ್ಚಬೇಕು. ಪಟ್ಟಿಯ ಅಡಿ ನುಸುಳುವುದಿದ್ದರೆ ಬಿಳಿಯೇ ನುಸುಳಿ ಸಂದನ್ನು ಮುಚ್ಚುತ್ತದೆ. ಹಿಂದೆ ಬರುವ ಕಪ್ಪಿಗೆ ದಾರಿಯಿರುವುದಿಲ್ಲ. ಕೊನೆಯ ಲೇಪದ ತೇವ ಆರುತ್ತಿದ್ದಂತೆ, ಪೂರ್ತಿ ಗಟ್ಟಿಯಾಗುವ ಮೊದಲು, ಪಟ್ಟಿಯನ್ನು ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆಯಬೇಕು.

ಅಚ್ಚ ಕಪ್ಪನ್ನು ಬಳಸಬಾರದು. ನೂರಕ್ಕೆ ಒಂದರ ಮಾದರಿಯನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ಗೋಪುರವನ್ನು ನೂರು ಅಡಿ ದೂರದಿಂದ ನೋಡಿದಂತೆ. ನಡುವಿನ ಗಾಳಿ, ಕಡಲ ಮಂಜು ಕಪ್ಪನ್ನು ತುಸು ಬೂದಿಯಾಗಿಸುತ್ತದೆ, ಬಿಳಿಯನ್ನು ತುಸು ಮಂದವಾಗಿಸುತ್ತದೆ. ಕಪ್ಪಿಗೆ ಒಂದೆರಡು ಹನಿ ಬಿಳಿ, ಬಿಳಿಗೆ ಸೂಜಿಮೊನೆಯಷ್ಟು ಕಾವಿ ಹಳದಿ ಬೆರೆಸಿದರೆ ಆಟಿಕೆಯಂತೆ ತೋರುತ್ತಿದ್ದುದು ಗೋಪುರದಂತೆ ತೋರುತ್ತದೆ.

ಕಾರ್ಕಳದ ಗೊಮ್ಮಟ: ಕಲ್ಲಿನ ಬಣ್ಣ

ಕಾರ್ಕಳದ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ವೀರಪಾಂಡ್ಯನು ಪ್ರತಿಷ್ಠಾಪಿಸಿದುದು 1432ರಲ್ಲಿ. ಎತ್ತರ 42 ಅಡಿ. ವಿಮಾನದ ಪೆಟ್ಟಿಗೆಗಳಲ್ಲಿ ರೂಢಿಯಲ್ಲಿರುವ 72ಕ್ಕೆ ಒಂದರ ಪ್ರಮಾಣದಲ್ಲಿ ಆರು ಅಡಿ ಒಂದು ಅಂಗುಲವಾಗುತ್ತದೆ. ಆಗ ಗೊಮ್ಮಟ ಸರಿಯಾಗಿ ಏಳು ಅಂಗುಲ. ಅವನ ಪಾದದ ಬಳಿ ಕೈಮುಗಿದು ನಿಂತ ಮನುಷ್ಯ ಒಂದೇ ಅಂಗುಲ. ಪ್ರಮಾಣವೆಂಬುದು ಮನುಷ್ಯನಿಗೆ ವಿನಯ ಕಲಿಸುವ ಗಣಿತ.

ಇಂಥ ಮೂರ್ತಿಯನ್ನು ಮಕ್ಕಳು ಜೇಡಿಮಣ್ಣಿನಲ್ಲಿಯೋ ಪ್ಲಾಸ್ಟರಿನಲ್ಲಿಯೋ ಮಾಡುತ್ತಾರೆ. ಅದು ಬಣ್ಣದ ನೀರನ್ನು ಥಟ್ಟನೆ ಹೀರುವುದರಿಂದ ಕುಂಚದ ಗೆರೆಗಳು ಉಳಿಯುತ್ತವೆ. ಫೆವಿಕಾಲನ್ನು ಎರಡು ಮೂರು ಪಾಲು ನೀರಿನಲ್ಲಿ ಕಲಸಿ ಒಮ್ಮೆ ಸವರಿ ಒಣಗಿಸಿದರೆ ಆ ಬಾಯಾರಿಕೆ ತಣಿಯುತ್ತದೆ.

ಕಲ್ಲು ಎಂದೊಡನೆ ಕಪ್ಪು ಬಿಳಿ ಬೆರೆಸಿದ ಬೂದುಬಣ್ಣವನ್ನು ಬಳಿಯುವುದು ವಾಡಿಕೆ. ಅದು ಸಿಮೆಂಟಿನಂತೆ ಕಾಣುತ್ತದೆ. ಆ ಬೂದಿಗೆ ಸ್ವಲ್ಪ ಕಂದು ಬೆರೆತಾಗ ಕಲ್ಲಿನ ಜೀವ ಬರುತ್ತದೆ. ಇದು ಮೊದಲ ಹಂತ. ಎರಡನೆಯ ಹಂತವನ್ನು ವಿವರಿಸಲು ಕಾರ್ಕಳದ ಮಹಾಮಸ್ತಕಾಭಿಷೇಕವೇ ಸಾಕು. 12 ವರ್ಷಗಳಿಗೊಮ್ಮೆ ನಡೆಯುವ ಈ ಮಹೋತ್ಸವ 2015ರಲ್ಲಿ ನಡೆಯಿತು. ಅಭಿಷೇಕದ ಅರಿಶಿನ, ಚಂದನ ನೆತ್ತಿಯಿಂದ ಇಳಿದು ಬಂದಾಗ ಉಬ್ಬಿದ ಎಡೆಗಳಿಂದ ಬೇಗ ಜಾರುತ್ತದೆ. ತುಟಿಯ ಸಂದು, ಬೆರಳುಗಳ ನಡು, ತೋಳಿಗೆ ಹಬ್ಬಿದ ಬಳ್ಳಿಯ ಅಂಚು ಇಂಥ ತಗ್ಗುಗಳಲ್ಲಿ ನಿಲ್ಲುತ್ತದೆ. ಮಾದರಿಯ ಮೇಲೂ ಹಾಗೆಯೇ ಕಪ್ಪು ಕಂದು ಬೆರೆಸಿ, ಬಹಳ ನೀರಾಗಿಸಿ ಮೇಲಿನಿಂದ ಹರಿಯಬಿಟ್ಟರೆ ಅದು ತಾನಾಗಿಯೇ ತಗ್ಗುಗಳಲ್ಲಿ ನಿಂತು ನೆರಳಾಗುತ್ತದೆ. ಹೆಚ್ಚಾದುದನ್ನು ಒಣಕುಂಚದಿಂದ ಹೀರಿ ತೆಗೆಯಬೇಕು.

ಮೂರನೆಯ ಹಂತ ಒಣಕುಂಚದ್ದು. ತಿಳಿಬೂದು ಬಣ್ಣವನ್ನು ಕುಂಚಕ್ಕೆ ತೆಗೆದುಕೊಂಡು, ಅದರ ಬಹುಪಾಲನ್ನು ಹಳೆಯ ಬಟ್ಟೆಗೆ ಒರೆಸಿಬಿಡಬೇಕು. ಏನೂ ಉಳಿದಿಲ್ಲವೆಂದು ತೋರುವಾಗ ಮೂರ್ತಿಯ ಉಬ್ಬುಗಳ ಮೇಲೆ ಹಗುರವಾಗಿ ಆಡಿಸಿದರೆ ಭುಜ, ಮೂಗು, ಗುಂಗುರು ಕೂದಲು ಬಿಸಿಲು ಬಿದ್ದಂತೆ ಬೆಳಗುತ್ತವೆ. ಜೈನಬಂಧುಗಳಿಗೆ ಪೂಜ್ಯವಾದ ಮೂರ್ತಿ ಇದು. ಹೊಳಪಿನ ವಾರ್ನಿಷ್ ಹಚ್ಚಿ ಅದನ್ನು ಅಂಗಡಿಯ ಗೊಂಬೆಯಾಗಿಸಬಾರದು, ಹೊಳಪಿಲ್ಲದ್ದೇ ಯೋಗ್ಯ. ಅದೇ ಊರಿನ ಚತುರ್ಮುಖ ಬಸದಿಯ ಮಾದರಿಗೂ ಇದೇ ಕ್ರಮ ಸಲ್ಲುತ್ತದೆ. 1586ರ ಆ ಶಿಲಾಬಸದಿಯ ಸಾಲುಕಂಬಗಳಿಗೆ ಈ ನೆರಳು ಬೆಳಕಿನ ಕ್ರಮ ವಿಶೇಷವಾಗಿ ಒಪ್ಪುತ್ತದೆ.

ಉಡುಪಿಯ ತೇರು: ಮರದ ಮರ್ಯಾದೆ

ಮಕರ ಸಂಕ್ರಾಂತಿಯ ಕಾಲದಲ್ಲಿ ಉಡುಪಿಯ ರಥಬೀದಿಯಲ್ಲಿ ಮೂರು ತೇರುಗಳ ಉತ್ಸವ ನಡೆಯುತ್ತದೆ. ಕೆಳಗೆ ಕೆತ್ತನೆಯ ಮರ, ಮೇಲೆ ಕೆಂಪು ಬಿಳಿ ಪತಾಕೆಗಳಿಂದ ತುಂಬಿದ ದುಂಡು ಗೋಪುರ. ನೋಡಿದ ಮಕ್ಕಳಿಗೆ ಅದನ್ನು ಮಾಡುವ ಆಸೆ ಹುಟ್ಟುವುದು ಸಹಜ. ಮರಕ್ಕೆ ಅಕ್ರಿಲಿಕ್ ಹಚ್ಚುವಾಗ ನೀರು ತಗುಲಿ ಮರದ ಎಳೆಗಳು ಎದ್ದು ಮೈ ಒರಟಾಗುತ್ತದೆ. ಇದು ಬಣ್ಣದ ದೋಷವಲ್ಲ. ಮೊದಲ ತೆಳು ಲೇಪ ಒಣಗಿದ ಮೇಲೆ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ, ಎರಡನೆಯ ಲೇಪ ಹಚ್ಚಿದರೆ ನುಣುಪಾಗುತ್ತದೆ. ಯಂತ್ರದಿಂದ ಕತ್ತರಿಸಿದ ಎಂ.ಡಿ.ಎಫ್. ಹಲಗೆಯ ಅಂಚುಗಳು ಬಹಳ ನೀರು ಕುಡಿಯುತ್ತವೆ. ಅವಕ್ಕೆ ನೆಲೆಲೇಪ ಎರಡು ಬಾರಿ ಬೇಕು.

ನೆಲೆ ಸಿದ್ಧಪಡಿಸದೆ ಬಣ್ಣ ಹಚ್ಚಬಾರದೆಂಬುದು ಹೊರದೇಶದಿಂದ ಬಂದ ಉಪದೇಶವಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೂರ್ತಿಗಳಿಗೆ ಬಣ್ಣ ಕೊಡುವ ಮುನ್ನ ಹುಣಸೆಬೀಜದ ಅಂಟು ಸೇರಿದ ಲೇಪದಿಂದ ಸಂದುಗಳನ್ನು ಮುಚ್ಚಿ ನೆಲೆಯನ್ನು ಸಿದ್ಧಮಾಡಿಕೊಳ್ಳುತ್ತಾರೆ. ಪ್ರೈಮರ್ ಎಂಬ ಹೆಸರು ಹೊಸದು, ವಿವೇಕ ನಮ್ಮದೇ.

ಎಲ್ಲ ಮರಕ್ಕೂ ಬಣ್ಣ ಬೇಕೆಂದೇನೂ ಇಲ್ಲ. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮವನ್ನು ಕಂಡವರಿಗೆ ಇದು ತಿಳಿದೀತು. 2017ರಲ್ಲಿ ಕಾಲವಾದ ವಿಜಯನಾಥ ಶೆಣೈ ಅವರು ಅಳಿದುಹೋಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ನಿಲ್ಲಿಸಿದರು. ನಮ್ಮ ಬಡಗಣ ಸೀಮೆಯ ಕುಕನೂರಿನ ಕಮಲಮಹಲು, ಮುಧೋಳದ ಅರಮನೆಯ ದರ್ಬಾರು ಭವನ ಇವೂ ಅಲ್ಲಿವೆ. ಕೆತ್ತನೆಯ ಮರವೇ ಮಾತನಾಡುವಾಗ ಬಣ್ಣ ಸುಮ್ಮನಿರಬೇಕೆಂಬುದನ್ನು ಅಲ್ಲಿಯ ಕಂಬ ತೊಲೆಗಳ ನಡುವೆ ನಿಂತಾಗ ಮನಗಂಡೆವು. ತೇರಿನ ಮಾದರಿಯಲ್ಲಿಯೂ ಪತಾಕೆಗಳಿಗೆ ಬಣ್ಣ, ಕೆತ್ತನೆಗೆ ಕಂದುನೀರಿನ ನೆರಳು ಮತ್ತು ವಾರ್ನಿಷ್ ಇಷ್ಟೇ ಸಾಕು.

ತೇರಿನ ಮಾತು ಬಂದಾಗ ಬಾಲ್ಯದ ನೆನಪೊಂದನ್ನು ಹೇಳದಿರಲಾರೆವು. ನಾವು ಓದುತ್ತಿದ್ದ ಮಠದಲ್ಲಿ ಜಾತ್ರೆಗೆ ಮುನ್ನ ತೇರಿನ ಗಾಲಿಗಳಿಗೆ ಎಣ್ಣೆಬಣ್ಣ ಹಚ್ಚುತ್ತಿದ್ದರು. ಮುಟ್ಟಬೇಡಿರೆಂದು ಹೇಳಿದ್ದರೂ ಒಣಗಿತೇ ಎಂದು ನೋಡಲು ನಾವು ಬೆರಳಿಟ್ಟೆವು. ಆ ಬೆರಳಚ್ಚು ಗಾಲಿಯ ಮೇಲೆ ಮುಂದಿನ ಜಾತ್ರೆಯವರೆಗೂ ಉಳಿಯಿತು. ಪೂಜ್ಯರು ಬೈಯಲಿಲ್ಲ; ತೇರು ಎಳೆಯುವ ದಿನ ನಮ್ಮನ್ನು ಅದೇ ಗಾಲಿಯ ಬಳಿ ನಿಲ್ಲಿಸಿದರು, ಅಷ್ಟೇ. ಐದು ದಶಕಗಳ ಅನಂತರ ಮಣಿಪಾಲದಲ್ಲಿ ಅದೇ ಬೆರಳು ಅದೇ ತಪ್ಪನ್ನು ಮಾಡಿತು!

ಮನೆಯವರು ವಹಿಸಬೇಕಾದ ಎಚ್ಚರ

ಅಕ್ರಿಲಿಕ್ಕಿಗೆ ಘಾಟು ಕಡಿಮೆ. ಆದರೆ ಅದು ತಿನ್ನುವ ವಸ್ತುವಲ್ಲ. ಕುಂಚದ ಮೊನೆಯನ್ನು ತುಟಿಯಿಂದ ಚೂಪು ಮಾಡುವ ಅಭ್ಯಾಸವನ್ನು ಮೊದಲ ದಿನವೇ ತಡೆಯಬೇಕು. ಕೆಲವು ಬಣ್ಣದ ಪುಡಿಗಳಲ್ಲಿ ವಿಷಕಾರಿ ಲೋಹಗಳಿರುತ್ತವೆ. ನೀರಿನ ಲೋಟವನ್ನು ಕುಡಿಯುವ ಲೋಟಗಳಿಂದ ಬೇರೆಯಾಗಿಡಬೇಕು. ಸಿಂಪಡಿಸುವಾಗ ಕಿಟಕಿ ತೆರೆದು, ಮೂಗು ಬಾಯಿಗೆ ತಕ್ಕ ಮುಖಗವಸು ಧರಿಸಬೇಕು.

ಗೇಟಿಗೆ ಹಚ್ಚಿ ಉಳಿದ ಹಳೆಯ ಎಣ್ಣೆಬಣ್ಣದ ಡಬ್ಬಿಯನ್ನು ಮಕ್ಕಳಿಗೆ ಕೊಡುವ ಮನೆಗಳುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ರೂಪುಗೊಂಡು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೆಂದು ಬಲ್ಲವರಾರು? ಮಕ್ಕಳ ಬೆಳೆಯುವ ಮಿದುಳಿಗೆ ಸೀಸ ಹಾನಿಕರ. ಆ ಉಳಿತಾಯ ನಮಗೆ ಬೇಡ.

ಕರಾವಳಿಯ ಮನೆಗಳಲ್ಲಿ ಅಂಗಳದಲ್ಲಿಯೇ ಬಾವಿ. ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೇರುತ್ತದೆ. ಕುಂಚವನ್ನು ಬಾವಿಕಟ್ಟೆಯ ಬಳಿ ತೊಳೆದರೆ ಆ ಬಣ್ಣ ಹೋಗುವುದೆಲ್ಲಿಗೆ? ಈ ಬಣ್ಣದ ಅಂಟು ಪ್ಲಾಸ್ಟಿಕ್ ಎಂಬುದನ್ನು ಮರೆಯಬಾರದು. ಕುಂಚವನ್ನು ಮೊದಲು ಹಳೆಯ ಬಟ್ಟೆಗೆ ಚೆನ್ನಾಗಿ ಒರೆಸಿ, ಅನಂತರ ಒಂದು ಡಬ್ಬಿಯ ನೀರಿನಲ್ಲಿ ಸಾಬೂನಿನಿಂದ ತೊಳೆಯಬೇಕು. ಆ ನೀರನ್ನು ಆರಲು ಬಿಟ್ಟು, ತಳದಲ್ಲಿ ಉಳಿದ ಗಟ್ಟಿ ಪದಾರ್ಥವನ್ನು ಒಣಕಸಕ್ಕೆ ಹಾಕಬೇಕು. ನೆರೆಯವರ ನೀರನ್ನು ಕೆಡಿಸಿ ಮಾಡಿದ ಕೆಲಸ ಎಷ್ಟು ಅಂದವಾದರೂ ಕಾಯಕವೆನಿಸದು.

ಗೋಡೆಯ ಕಡೆಯ ಮಗ್ಗುಲು

ಹುಡುಗನ ಮಾತಿಗೆ ಮರಳೋಣ. ಕೆಟ್ಟ ಮಗ್ಗುಲನ್ನು ಗೋಡೆಯ ಕಡೆಗೆ ಮಾಡಿದ್ದರೆ ನಿಜವಾಗಿಯೂ ಯಾರಿಗೂ ಕಾಣುತ್ತಿರಲಿಲ್ಲ. ಶನಿವಾರದ ಪ್ರದರ್ಶನವೂ ತಪ್ಪುತ್ತಿರಲಿಲ್ಲ. ಆದರೆ ದೀಪಸ್ತಂಭಕ್ಕೆ ಹಿಂಬದಿಯೆಂಬುದಿಲ್ಲ. ಯಾವ ದೋಣಿ ಯಾವ ದಿಕ್ಕಿನಿಂದ ಬಂದೀತೆಂದು ಹೇಳಲಾಗದು. ನಾವು ಇದನ್ನೇ ಹೇಳಿ, ತಪ್ಪು ನಮ್ಮದೆಂದೂ ಹೇಳಿ, "ಮತ್ತೆ ಮಾಡೋಣವೇ?" ಎಂದು ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ನೀವು ಈ ಸಲ ಮುಟ್ಟಿ ನೋಡಬ್ಯಾಡ್ರಿ" ಎಂದು ಒಪ್ಪಿದನು.

ಒಂಬತ್ತು ದಿನ ಹಿಡಿಯಿತು. ಪ್ರದರ್ಶನ ಮುಗಿದುಹೋಯಿತು, ಅವನು ಅಲ್ಲಿಗೆ ಬರಿಗೈಯಲ್ಲಿ ಹೋಗಿ ಬಂದ ಸಂಜೆ ನಮಗೆ ಊಟ ರುಚಿಸಲಿಲ್ಲ. ಕೊನೆಯ ಪಟ್ಟಿಯನ್ನು ಎಳೆಯುವಾಗ ಮನೆಯವರೆಲ್ಲ ಸುತ್ತ ನಿಂತಿದ್ದೆವು. ಅಂಚು ನೂಲು ಹಿಡಿದಂತೆ ನೇರವಾಗಿ ಬಂದಿತು. ಆ ಗೋಪುರ ಈಗ ಅವರ ಮನೆಯ ಪಡಸಾಲೆಯ ನಡುಮೇಜಿನ ಮೇಲೆ, ನಾಲ್ಕೂ ಕಡೆಯಿಂದ ಕಾಣುವಂತೆ ನಿಂತಿದೆ. ಮುಂದಿನ ಮಳೆಗಾಲದಲ್ಲಿ ಹೋದಾಗ ನೋಡಿದೆವು. ಒಂದು ಚೂರೂ ಎದ್ದಿರಲಿಲ್ಲ. ಪಕ್ಕದಲ್ಲಿ ನ್ಯಾಟ್ ವಿಮಾನ ಬಣ್ಣ ತೊಟ್ಟು ನಿಂತಿತ್ತು. ಅದನ್ನು ಅವನು ಒಬ್ಬನೇ ಮಾಡಿದ್ದನು.

ಮಕ್ಕಳಿಗೆ ಬಣ್ಣ ಕೊಡಿಸುವ ತಂದೆತಾಯಿಗಳು ಅದರೊಡನೆ ಕಾಲವನ್ನೂ ಕೊಡಿಸಬೇಕೆಂಬುದೇ ನಮ್ಮ ವಿನಂತಿ. ಮೈಯನ್ನು ಶುಚಿಮಾಡಿ, ನೆಲೆಯನ್ನು ಸಿದ್ಧಪಡಿಸಿ, ತೆಳುವಾಗಿ ಹಚ್ಚಿ, ಆರಲು ಬಿಟ್ಟು, ಮತ್ತೆ ಹಚ್ಚಿದ ಬಣ್ಣ ಮಳೆಗೂ ಅಂಜುವುದಿಲ್ಲ. ಇದು ಬಣ್ಣಕ್ಕಷ್ಟೇ ಸಲ್ಲುವ ಮಾತಲ್ಲವೆಂಬುದನ್ನು ಬಲ್ಲ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.